ಹೊಡೆದು ಹಾಕಿದ ಉತ್ತರಗಳು

…ಅಲ್ಲವ್ವ ರೇಖಾ, ಬೈಯಾಕ ಬಂದಿಲ್ಲ ಅಂತ ಆಗಲೇ ಹೇಳಿದ್ನಲ್ಲ. ನೀನು ಏಳಬ್ಯಾಡ. ರೊಟ್ಟಿ ಬಡಿ, ಬಡಿ… ಹಂಚು ಕಾದೈತೆ. ನಂಗೆ ಚಾ ಬ್ಯಾಡ, ನೀರು ಬ್ಯಾಡ, ಏನೂ ಬ್ಯಾಡ. ಹರಿಹರ ಬಸ್‌ಸ್ಟ್ಯಾಂಡಿನಾಗ ಇಳಿದ ಕೂಡ್ಲೇ ಎಲ್ಲ ಆತು. ನಿಮ್ಮವ್ವ ಖಾನಾವಳಿಗೆ ರೊಟ್ಟಿ ಕೊಡಾಕ ಹೋಗ್ಯಾರಂತೆ, ಪಕ್ಕದ ಮನಿಯೋರು ಹೇಳಿದ್ರು. ಒಂದು ಲೆಕ್ಕಕ್ಕೆ ಒಳ್ಳೇದೇ ಆತು. ನಾನು ಇಲ್ಲೇ ಬಾಗಿಲ ಹತ್ರ, ಈ ಸ್ಟೂಲ್ ಮ್ಯಾಲ ಕೂಡ್ತೀನಿ. ಇಲ್ಲಿ ಗಾಳಿ ಬರ್ತೈತೆ.

ಯಾಕ ಹಂಗೆ ನೋಡ್ತಿ? ಕೆಮಿಸ್ಟ್ರಿ ಕೊಟ್ಟೂರೇಶ್ ಸರ್ ದಾವಣಗೆರೆಯಿಂದ ಬಸ್ ಹತ್ತಿ ಸ್ಟೂಡೆಂಟ್ ಮನಿ ಹುಡುಕ್ಕೊಂಡು ಬರೋರಲ್ಲ ಅಂತಾನಾ? ಖರೆ ಐತೆ. ಇಪ್ಪತ್ತೆರಡು ವರ್ಷದಾಗ ಒಬ್ಬರ ಮನಿ ಬಾಗಿಲಿಗೂ ಹೋದೋನಲ್ಲ ನಾನು. ಎಂ.ಸಿ.ಸಿ. ಬಿ ಬ್ಲಾಕಿನಾಗ ನನ್ನ ಮನಿ ಮುಂದೆ ಅಪ್ಪ-ಅಮ್ಮಂದ್ರು ಸ್ಕೂಟರ್ ನಿಲ್ಲಿಸ್ಕೊಂಡು ಕಾಯ್ತಾರ, ಮಗಂದು ಹೆಂಗೆ ಸರ್, ಮಗಳದು ಹೆಂಗೆ ಸರ್ ಅಂತ. ನಾನು ಬನಿಯನ್ ಮ್ಯಾಲೇ ಬಂದು, ನೋಡಣ ಬಿಡ್ರಿ, ಅಂತೀನಿ. ಅಂಥೋನು ಇವತ್ತು ಬಂದೀನಿ ಅಂದ್ರೆ…

ಸರಿ. ವಿಷಯಕ್ಕೆ ಬರ್ತೀನಿ. ಇದು ಫಾರ್ಮು. ಸೆಕೆಂಡ್ ಪಿಯು ಮೂರನೇ ಪರೀಕ್ಷೇದು. ಇವತ್ತೇ ಕಡೇ ದಿನ. ಸಂಜಿ ನಾಕಕ್ಕೆ ಆಫೀಸ್ ಮುಚ್ಚಿಬಿಡ್ತಾರ. ನೀನು ತುಂಬಿ ಸೈನ್ ಮಾಡಿದ್ರೆ ನಾನೇ ಒಯ್ದು ಕೊಡ್ತೀನಿ, ನೀನು ಬರೋದೂ ಬ್ಯಾಡ.

ಪಾಸಾಗೀನಲ್ಲ ಅಂತ ತಲಿ ಅಲ್ಲಾಡಿಸ್ತಿ. ಪಾಸಾಗಿ. ಯಾರು ಇಲ್ಲ ಅಂದ್ರು? ಆದ್ರೆ ಕೆಮಿಸ್ಟ್ರಿ ಥಿಯರಿ ಎಪ್ಪತ್ತಕ್ಕೆ ಇಪ್ಪತ್ತೆಂಟು. ಮ್ಯಾಥ್ಸ್ ಎಂಬತ್ತಕ್ಕೆ ಮೂವತ್ತು. ಈ ಮಾರ್ಕ್ಸ್ ಇಟ್ಕೊಂಡು ಇಂಜಿನಿಯರಿಂಗ್ ಸೀಟಿನ ಆಸಿ ಇಟ್ಕೊಳ್ಳಾಕ ಆಗಲ್ಲ. ಪಾಸಾದೋರೂ ಇನ್ನೊಂದು ಸಲ ಬರೀಬಹುದು, ಯಾವುದು ಜಾಸ್ತಿಯೋ ಅದನ್ನ ಇಟ್ಕೊಂಡ್ರಾತು. ಎರಡನೇ ಪರೀಕ್ಷೆ ನೀನು ಬರೀಲಿಲ್ಲ, ಫಾರ್ಮೇ ತುಂಬ್ಲಿಲ್ಲ. ಈಗ ಉಳಿದಿರೋದು ಇದೊಂದೇ. ಇದೂ ಹೋದ್ರೆ ನೀನು ಈ ಹಂಚಿನ ಮುಂದೇ ಕೂತ್ಕೊಂಡ್ಬಿಡ್ತಿ. ಅಲ್ಲ, ರೊಟ್ಟಿ ಬಡಿಯೋದು ಕೀಳು ಅಂತ ಅಲ್ಲ, ಹಂಗೆ ತಿಳ್ಕೋಬ್ಯಾಡ… ಆದ್ರೆ ಆ ಕೆಲಸಕ್ಕೆ ಯಾರೂ ನಿಂಗೆ ಎಲೆಕ್ಟ್ರೋಕೆಮಿಸ್ಟ್ರಿ ಕಲಿಸಬೇಕಾಗಿರ್ಲಿಲ್ಲ.

ನಗಬ್ಯಾಡ. ಆ ನಗು ನಂಗೆ ಗೊತ್ತೈತೆ. ಸರ್, ಇಪ್ಪತ್ತೆಂಟು ತಗೊಂಡೋಳು ಮತ್ತೊಂದು ಸಲ ಬರೆದ್ರೆ ಮೂವತ್ತು ತಗೋತಾಳೆ ಅಂತ ತಾನೆ? ಅದನ್ನ ತೋರಿಸಾಕೇ ಬಂದೀನಿ. ಇಲ್ಲಿ ನೋಡು. ಈ ಕವರ್‌ನಾಗ ಇರೋದು ನಿನ್ನ ಆನ್ಸರ್ ಪೇಪರಿನ ಸ್ಕ್ಯಾನ್ ಕಾಪಿ. ಎರಡೂ ಸಬ್ಜೆಕ್ಟಿಂದು. ನಾನೇ ತರಿಸಿದೆ. ನಿನ್ನ ಕೇಳ್ಲಿಲ್ಲ, ತಪ್ಪಾತು. ನಿನ್ನ ರಿಜಿಸ್ಟರ್ ನಂಬರ್ ನನ್ನ ಹತ್ರ ಇತ್ತು, ತರಿಸಿಬಿಟ್ಟೆ.

ಯಾಕ ಅಂದ್ರೆ… ರಿಸಲ್ಟ್ ಬಂದ ದಿನ ನಂಗೆ ಊಟ ಸೇರಲಿಲ್ಲ ಕಣವ್ವ. ಕಾಲೇಜಿನಾಗ ಎಲ್ರೂ ಕುಣೀತಿದ್ರು. ನನ್ನ ಸಿ ಬ್ಯಾಚು ನೂರಕ್ಕೆ ನೂರು ಪಾಸು! ಐವತ್ತೆರಡು ಜನಾನೂ. ಆ ಶಾಮನೂರಿನ ಬಕ್ಕೇಶ, ಸೋಡಿಯಮ್ ಅನ್ನಾಕ ಸೋಡಾ ಅಂತ ಬರೀತಿದ್ದ, ಅವನೂ ಪಾಸು. ಮ್ಯಾನೇಜ್‌ಮೆಂಟಿನೋರು ಶಾಲು ಹೊದಿಸಿದ್ರು, ಹಣ್ಣಿನ ಬುಟ್ಟಿ ಕೊಟ್ರು. ನಾನು ಬುಟ್ಟಿ ಹಿಡ್ಕೊಂಡು ಫೋನಿನಾಗ ನಿನ್ನ ಮಾರ್ಕ್ಸ್ ನೋಡ್ತಾ ನಿಂತಿದ್ದೆ. ಬೋರ್ಡಿನೋರು ಕೂಡೋದ್ರಾಗ ಏನೋ ಮಾಡ್ಯಾರ, ಒಂದು ಪೇಜು ನೋಡೇ ಇಲ್ಲ, ಅಂದ್ಕೊಂಡೆ. ಹಂಗೇ ಆಗಿರ್ಲಿ ಅಂತ ಬೇಡ್ಕೊಂಡೆ ಅಂತನೂ ಇಟ್ಕ. ತಪ್ಪು ಅವರದಾಗಿದ್ರೆ ಎಷ್ಟು ಚೆನ್ನಾಗಿತ್ತು.

ಅವರದಲ್ಲ. ಅವರು ಸರಿಯಾಗೇ ನೋಡ್ಯಾರ.

ಈ ರೊಟ್ಟಿ ತಗಿ, ಉಬ್ಬೈತೆ. ಹಾಂ. ಈಗ ಈ ಪೇಜು ನೋಡು. ಕೈ ಹಿಟ್ಟಾದ್ರೆ ಇರ್ಲಿ, ನಾನು ಹಿಡ್ಕೋತೀನಿ, ನೀನು ಅಲ್ಲಿಂದಲೇ ನೋಡು. ಲಾಗ್ ಎಕ್ಸ್ ಇಂಟಿಗ್ರೇಟ್ ಮಾಡು ಅಂತ ಕೇಳ್ಯಾರ. ನೀನು ಏನು ಬರೆದೀ? ಎಕ್ಸ್ ಲಾಗ್ ಎಕ್ಸ್ ಮೈನಸ್ ಎಕ್ಸ್ ಪ್ಲಸ್ ಸಿ. ಆ ಸಿ ಸುತ್ಲೂ ಗುಂಡಗ ಒಂದು ಗೆರಿನೂ ಹಾಕೀ, ಮರೀಬಾರ್ದು ಅಂತ. ಸರಿ ಉತ್ತರ. ಮುತ್ತಿನಂಥ ಉತ್ತರ. ಆಮ್ಯಾಲ ಏನು ಮಾಡೀ? ಅಡ್ಡ ಗೆರಿ ಎಳೆದೀ. ಒಂದಲ್ಲ, ಎರಡು. ಕೆಳಗೆ ಒನ್ ಬೈ ಎಕ್ಸ್ ಅಂತ ಬರೆದೀ. ಹೊಡೆದಿದ್ದಕ್ಕೆ ಅವರು ಮಾರ್ಕ್ಸ್ ಹೆಂಗೆ ಕೊಡ್ತಾರ? ಕೆಳಗಿಂದಕ್ಕೆ ಸೊನ್ನಿ ಕೊಟ್ಟಾರ.

ಯಾಕ ಹೊಡೆದೆ?

…ಹೋಗ್ಲಿ, ಇದು ಕೆಮಿಸ್ಟ್ರಿ. ನಾನೇ ಕಲಿಸಿದ್ದು. ಸತು-ತಾಮ್ರದ ಸೆಲ್ಲು. ಸೊನ್ನೆ ಪಾಯಿಂಟ್ ಮೂವತ್ನಾಕು, ಮೈನಸ್ ಒಳಗಿನ ಮೈನಸ್ ಸೊನ್ನೆ ಪಾಯಿಂಟ್ ಎಪ್ಪತ್ತಾರು. ಒಂದು ಪಾಯಿಂಟ್ ಹತ್ತು ವೋಲ್ಟು. ಬರೆದೀ. ಯೂನಿಟ್ ಸಮೇತ ಬರೆದೀ. ಮತ್ತೆ ಹೊಡೆದೀ! ಕೆಳಗೆ ಮೈನಸ್ ಸೊನ್ನೆ ಪಾಯಿಂಟ್ ನಲವತ್ತೆರಡು. ಅಂಥ ಸೆಲ್ಲು ನಡೆಯಂಗೇ ಇಲ್ಲ ಅಂತ ಬಕ್ಕೇಶಗೆ ನೀನೇ ಹೇಳಿಕೊಟ್ಟಿದ್ದೆ. ನಾನು ಬಾಗಿಲಾಗ ನಿಂತು ಕೇಳೀನಿ. ಬೆಂಚಿನ ಮ್ಯಾಲ ಎರಡು ಪೆನ್ನಿನ ಕ್ಯಾಪ್ ಇಟ್ಕೊಂಡು, ಇದು ಸತು, ಇದು ತಾಮ್ರ, ಎಲೆಕ್ಟ್ರಾನ್ ಇಲ್ಲಿಂದ ಅಲ್ಲಿಗೆ ಹೋಗ್ತೈತೆ ಕಣೋ ಅಂತ… ನನಗಿಂತ ಚಂದ ಹೇಳಿದ್ದೆ. ಅವನು ಪೇಪರಿನಾಗ ಸರಿ ಬರೆದ. ನೀನು ಸರಿ ಬರೆದು ಹೊಡೆದೆ.

ಹದಿಮೂರು ಕಡೆ. ಎರಡೂ ಪೇಪರ್ ಸೇರಿ ಹದಿಮೂರು ಕಡೆ ಸರಿ ಇದ್ದದ್ದನ್ನ ಹೊಡೆದೀ. ನಾನು ಕೂತು ನೋಡೀನಿ. ಮ್ಯಾಥ್ಸಿಂದು ರಾಮಚಂದ್ರಪ್ಪ ಸರ್‌ಗೂ ತೋರಿಸಿದೆ. ಅವರು ಕನ್ನಡಕ ತಗದು, ಈ ಹುಡುಗಿಗೆ ಯಾರೋ ಏನೋ ಹೇಳ್ಯಾರ ಕೊಟ್ಟೂರೇಶ್, ಅಂದ್ರು. ಇಲ್ಲ ಸರ್, ಟೆನ್ಶನ್ನು, ಈಗಿನ ಮಕ್ಕಳಿಗೆ ಟೆನ್ಶನ್ ಜಾಸ್ತಿ, ಅಂದೆ ನಾನು.

ಟೆನ್ಶನ್ನೇ ಹೌದಲ್ಲವ್ವ? …ಅಲ್ಲೇನು?

ಯಾಕ ನಿಲ್ಲಿಸಿದಿ ರೇಖಾ? ನೀನು ಬಡೀತಿದ್ರೆ ಆ ಸದ್ದರ ಇರ್ತೈತೆ. ಬಡಿ.

ಏನು ನೋಡ್ತಿದೀ, ತಾರೀಖಾ? ಹೂಂ… ಸ್ಕ್ಯಾನ್ ಕಾಪಿ ಬಂದು ತಿಂಗಳ ಮ್ಯಾಲ ಆತು. ಎರಡನೇ ಪರೀಕ್ಷೆ ಫಾರ್ಮಿಗೆ ಅವತ್ತಿಗೆ ಇನ್ನೂ ಎರಡು ದಿನ ಇತ್ತು. ಅದೂ ಗೊತ್ತಿತ್ತು ನಂಗೆ. ನಾಳೆ ಹೋಗ್ತೀನಿ, ನಾಳೆ ಹೋಗ್ತೀನಿ ಅಂತ… ಬ್ಯಾಗಿನಾಗ ಇಟ್ಕೊಂಡು ತಿರುಗಿದೆ. ಒಂದು ದಿನ ಹರಿಹರದ ಬಸ್ ಹತ್ತಿ, ಟಿಕೆಟ್ ತಗೊಂಡು, ಅರ್ಧ ದಾರ್ಯಾಗ ದೊಡ್ಡಬಾತಿಯಾಗ ಇಳಿದು ವಾಪಸ್ ಹೋದೆ. ಯಾಕ ಇಳಿದೆ ಅಂತ ಕೇಳ್ತೀಯೇನೋ ಅಂದ್ಕೊಂಡೆ. ಕೇಳಲ್ಲ ನೀನು.

ನೋಡು, ನಾನು ನಿಂಗೆ ಅನ್ಯಾಯ ಮಾಡೀನಿ ಅಂತ ಅಲ್ಲ. ಎಲ್ಲ ನಿಯಮದ ಪ್ರಕಾರನೇ ನಡೀತು. ನೀನು ಫಸ್ಟ್ ಪಿಯು ಇಲ್ಲಿ ಹರಿಹರದಾಗ ಓದಿ, ಸೆಕೆಂಡ್ ಪಿಯುಗೆ ನಮ್ಮ ಕಾಲೇಜಿಗೆ ಬಂದೆ. ಹೊಸಬಳು. ಜೂನ್‌ನಾಗ ಎಲ್ರಿಗೂ ಟೆಸ್ಟ್ ಇಟ್ಟೆವು. ಕೆಮಿಸ್ಟ್ರಿ ಐವತ್ತು, ಮ್ಯಾಥ್ಸ್ ಐವತ್ತು, ನೂರಕ್ಕೆ. ಜಾಸ್ತಿ ತಗೊಂಡೋರು ಎ ಬ್ಯಾಚು, ಪೂರ್ತಿ ಸಿಲಬಸ್ಸು, ಸಿಇಟಿ ಕ್ಲಾಸು. ನಲವತ್ತರ ಕೆಳಗೆ ಬಂದೋರು ಸಿ ಬ್ಯಾಚು, ಪಾಸಿಂಗ್ ಪ್ಯಾಕೇಜು. ಇಪ್ಪತ್ತೆಂಟು ಪುಟದ ನೋಟ್ಸು, ಇಷ್ಟು ಬಾಯಿಪಾಠ ಮಾಡಿದ್ರೆ ಪಾಸು, ಅದರಾಚೆ ತಲಿ ಹಾಕಬ್ಯಾಡ್ರಿ ಅಂತ. ಪ್ರತಿ ವರ್ಷ ಹಂಗೇ ಮಾಡ್ತೀವಿ. ನಿನ್ನ ಹೆಸರಿನ ಮುಂದೆ ಮೂವತ್ತೊಂದು ಇತ್ತು. ಸಿ ಬ್ಯಾಚಿಗೆ ಬಂದೆ. ಇದ್ರಾಗ ನಂದೇನೈತೆ?

ಮೂವತ್ತೊಂದು. ನೋಟಿಸ್ ಬೋರ್ಡಿನಾಗ ನೀನೇ ನೋಡಿದ್ದೆ. ನಿನ್ನ ಗೆಳತಿ ಕೃತಿಕಾಗೆ ಎಪ್ಪತ್ತೆರಡು, ಅವಳು ಎ ಬ್ಯಾಚಿಗೆ ಹೋದಳು. ಕಾರಿಡಾರಿನಾಗ ಇಬ್ಬರೂ ಕೈ ಬಿಟ್ಟು ಬ್ಯಾರೆ ಬ್ಯಾರೆ ಬಾಗಿಲಿಗೆ ಹೋದ್ರಿ. ನೆನಪೈತೆ ನಂಗೆ.

ಸಿ ಬ್ಯಾಚಿನಾಗ ನಿನ್ನ ನಾನೇನು ಮೂಲ್ಯಾಗ ಕೂಡಿಸಿದ್ನಾ? ಮಧ್ಯದ ಬೆಂಚಿನಾಗ ಕೂಡಿಸಿದೆ. ವಾರಕ್ಕೊಂದು ಸಲ ಬೆಂಚ್ ಬದಲಾಯಿಸಿದೆ. ಒಂದು ವಾರ ಬಕ್ಕೇಶನ ಹತ್ರ, ಒಂದು ವಾರ ಸುಮೈರಾನ ಹತ್ರ. ಎಲ್ರಿಗೂ ಗೊತ್ತಿತ್ತು, ರೇಖಾ ಎಲ್ಲಿ ಕೂತಳೋ ಆ ಬೆಂಚು ಮುಂದಿನ ಟೆಸ್ಟಿನಾಗ ಪಾಸು. ಹುಡುಗರು ನನ್ನ ಹತ್ರ ಬಂದು, ಸರ್ ಈ ವಾರ ಅವಳನ್ನ ನಮ್ಮ ಬೆಂಚಿಗೆ ಕೊಡ್ರಿ, ಅಂತ ಗೋಗರೀತಿದ್ರು. ನೀನು ಬ್ಯಾಸರ ಇಲ್ದೆ ಹೇಳಿಕೊಡ್ತಿದ್ದೆ. ಅದೇ ಇಪ್ಪತ್ತೆಂಟು ಪುಟ. ವರ್ಷ ಪೂರ್ತಿ ಅದೇ ಇಪ್ಪತ್ತೆಂಟು ಪುಟ…

ಮೂವತ್ತೊಂದು ತಗೊಂಡೋಳು ಐವತ್ತೊಂದು ಜನಕ್ಕೆ ಹೆಂಗೆ ಪಾಠ ಹೇಳಿದಳು ಅಂತ ನೀನು ಯಾವತ್ತೂ ಯೋಚನೆ ಮಾಡ್ಲಿಲ್ಲೇನು?

…ಬಿಡು, ಸುಮ್ನೆ ಕೇಳಿದೆ. ಬಾಯಿ ತಪ್ಪಿ ಬಂತು.

ಕೈ ತೊಳಕಾ. ಹಂಚು ಇಳಿಸು ಒಂದೈದು ನಿಮಿಷ. ಈ ಪೆನ್ ತಗ. ಹಳೇದನ್ನ ಕೆದಕೋದು ಬ್ಯಾಡ, ಮುಂದಿಂದು ನೋಡಣ. ನಾನೇ ದಿನಾ ಪಾಠ ಹೇಳ್ತೀನಿ, ಪ್ಯಾಕೇಜ್ ಅಲ್ಲ, ಪೂರ್ತಿ ಪುಸ್ತಕ. ನಿಮ್ಮವ್ವಗೆ ನಾನು ಹೇಳ್ತೀನಿ. ವರ್ಷದ ಶುರುವಿನಾಗ ಪೇರೆಂಟ್ಸ್ ಮೀಟಿಂಗಿಗೆ ಒಂದು ಸಲ ಬಂದಿದ್ರು ಹಂಪವ್ವ… ಏನೂ ಕೇಳ್ಲಿಲ್ಲ ಪಾಪ. ಕೈ ಮುಗಿದು, ನೀವು ಹೆಂಗೆ ಹೇಳ್ತೀರೋ ಹಂಗೆ ಸರ್, ಅಂದು ಹೋದ್ರು. ರೊಟ್ಟಿ ಕಟ್ಟು ಬ್ಯಾರೆ ಕೊಟ್ಟು ಹೋದ್ರು.

ಬರಿ. ಇಲ್ಲಿ, ಈ ಡಬ್ಬಿಯೊಳಗ. ಹೆಸರು… ಆತು. ರಿಜಿಸ್ಟರ್ ನಂಬರ್… ಬಾಯಿಪಾಠ ಐತಲ್ಲ ನಿಂಗೆ. ಶಾಣೇಕಿ. ಹುಟ್ಟಿದ ತಾರೀಖು… ಸಬ್ಜೆಕ್ಟು, ಕೆಮಿಸ್ಟ್ರಿ… ಮ್ಯಾಥ್ಸು… ಹಾಂ, ಈಗ ಕೆಳಗೆ ಸೈನು…

ತಡಿ. ತಡಿ, ತಡಿ. ಏನು ಮಾಡ್ದೆ? ರಿಜಿಸ್ಟರ್ ನಂಬರ್ ಯಾಕ ಹೊಡೆದೆ? ಸರಿ ಇತ್ತಲ್ಲವ್ವ! ಇಲ್ಲಿ ನೋಡು, ಸ್ಕ್ಯಾನ್ ಕಾಪಿ ಮ್ಯಾಲಿರೋದೂ ಅದೇ ನಂಬರು. ಒಂದೊಂದು ಅಂಕಿನೂ ಅದೇ. ತಪ್ಪು ಎಲ್ಲೈತೆ ಅಂತ ಹೊಡೆದೆ?

ನನ್ನ ಮುಖ ಯಾಕ ನೋಡ್ತಿ?

ನಾನು ಹೂಂ ಅನ್ಬೇಕಾ? ನಿನ್ನ ನಂಬರಿಗೂ ನಾನು ಹೂಂ ಅಂದ್ರೇ ಸರೀನಾ?

…ರೇಖಾ, ಹಂಗೆ ನೋಡಬ್ಯಾಡ. ಕೆಳಗೆ ನೋಡು. ಇಲ್ಲ, ಬಾಗಿಲ ಕಡೆ ನೋಡು. ಎಲ್ಲಾದ್ರೂ ನೋಡವ್ವ.

ಇದನ್ನ ನಿಂಗೆ ಕಲಿಸಿದೋನು ನಾನೇ. ಟೆನ್ಶನ್ನೂ ಅಲ್ಲ, ಮಣ್ಣೂ ಅಲ್ಲ. ಟೆಸ್ಟಿನ ಲಿಸ್ಟ್ ಹಾಕಿದ ಮೂರನೇ ದಿನ ನೀನು ಸ್ಟಾಫ್ ರೂಮಿಗೆ ಬಂದಿದ್ದೆ. ಮಧ್ಯಾಹ್ನ. ನಾನು ಡಬ್ಬಿ ಬಿಚ್ಚಿದ್ದೆ. ಸರ್, ಮನಿಗೆ ಹೋಗಿ ಎಲ್ಲ ಲೆಕ್ಕ ಮತ್ತೆ ಮಾಡಿ ನೋಡೀನಿ, ಸರಿ ಬರ್ತಾವ್ರಿ, ಒಂದು ಸಲ ಪೇಪರ್ ತೋರಿಸ್ರಿ ಸರ್, ಅಂದೆ. ನೋಟ್‌ಬುಕ್ಕೂ ತಂದಿದ್ದೆ. ಪೇಪರು ಎಲ್ಲಿತ್ತು ಗೊತ್ತಾ? ನನ್ನ ಡ್ರಾಯರಿನಾಗ. ನನ್ನ ಮೊಣಕಾಲಿಗೆ ತಾಗಂಗಿತ್ತು. ಆಫೀಸಿಗೆ ಹೋಗ್ಯಾವಮ್ಮ ಅಂದೆ. ನೀನು ಅಲ್ಲೇ ನಿಂತೆ. ಹೋಗ್ಲಿಲ್ಲ. ಅದಕ್ಕೆ ನಾನು… ನಗ್ತಾ ಹೇಳಿದೆ. ಎಲ್ಲ ಸರ್‌ಗಳೂ ನಕ್ರು. ನಿಂಗೆ ಯಾವುದು ಸರಿ ಅನ್ಸುತ್ತೋ ಅಲ್ಲೇ ತಪ್ಪೈತೆ ಅಂತ ತಿಳ್ಕ, ಉದ್ಧಾರ ಆಗ್ತಿ, ಅಂದೆ.

ನೀನು ಹೂಂ ಸರ್ ಅಂದೆ. ತಿಳ್ಕೊಂಡೆ. ಪರೀಕ್ಷೆ ತನಕ ತಿಳ್ಕೊಂಡೇ ಇದ್ದೆ. ಹದಿಮೂರು ಕಡೆ ಸರಿ ಅನ್ನಿಸ್ತು ನಿಂಗೆ. ಹದಿಮೂರು ಕಡೆನೂ ನನ್ನ ಮಾತು ಕೇಳಿದೆ.

ಮೂವತ್ತೊಂದಲ್ಲವ್ವ ಅದು.

ಎಂಬತ್ತೊಂದು. ಕೆಮಿಸ್ಟ್ರಿ ನಲವತ್ತು, ಮ್ಯಾಥ್ಸ್ ನಲವತ್ತೊಂದು. ಕೃತಿಕಾಗಿಂತ ಒಂಬತ್ತು ಜಾಸ್ತಿ. ಕಾಲೇಜಿಗೇ ಮೊದಲು ನೀನು. ರಾಮಚಂದ್ರಪ್ಪ ಸರ್ ತಮ್ಮ ಭಾಗ ನೋಡಿ, ಮಾರ್ಕ್ಸ್ ಹಾಕಿ, ಕಟ್ಟು ನನ್ನ ಕೈಗೆ ಕೊಟ್ಟಿದ್ರು. ಲಿಸ್ಟ್ ಬರಿಯೋದು ನನ್ನ ಕೆಲಸ. ಎಂಟರ ಜಾಗದಾಗ ಮೂರು ಬರೆದೆ. ಬೇಕಂತನೇ ಬರೆದೆ. ಹಿಂದಿನ ವರ್ಷ ಸಿ ಬ್ಯಾಚಿನಾಗ ಏಳು ಜನ ಫೇಲಾಗಿದ್ರು. ಈ ಸಲ ಒಬ್ಬ ಫೇಲಾದ್ರೂ ನೀವು ಬ್ಯಾರೆ ಕಾಲೇಜು ನೋಡ್ಕೊಳ್ರಿ ಅಂತ ಮ್ಯಾನೇಜ್‌ಮೆಂಟಿನೋರು ಎಲ್ರ ಮುಂದೆ ಅಂದಿದ್ರು ನಂಗೆ. ನಾನೊಬ್ಬನೇ ಐವತ್ತು ಜನಾನ ಎತ್ತಾಕ ಆಗ್ತಿರ್ಲಿಲ್ಲ. ಅವರ ಮಧ್ಯ ಕೂತು ಹೇಳಿಕೊಡೋರು ಒಬ್ಬರು ಬೇಕಿತ್ತು. ಬುದ್ಧಿವಂತರು ಬೇಕಿತ್ತು, ಆದ್ರೆ… ಮನಿಯಿಂದ ಯಾರೂ ಬಂದು ಕೇಳಬಾರ್ದು. ಕೃತಿಕಾನ ತಂದಿದ್ರೆ ಅವರಪ್ಪ ಅವತ್ತೇ ಪ್ರಿನ್ಸಿಪಾಲರ ಚೇಂಬರಿನಾಗ ಇರ್ತಿದ್ದ. ನೀನು ಹೊಸಬಳು. ಹರಿಹರದಿಂದ ಬಸ್ಸಿಗೆ ಬಂದು ಹೋಗೋಳು. ನಿಮ್ಮವ್ವ ಕೈ ಮುಗಿದು ಹೋಗೋರು. ಲಿಸ್ಟಿನಾಗ ಬೆರಳಿಟ್ಟು ಹುಡುಕಿದ್ದೆ ಕಣವ್ವ, ಕೇಳೋರು ಇಲ್ಲದೋರು ಯಾರು ಅಂತ.

ಪಾಸಂತೂ ಆಗೇ ಆಗ್ತಾಳೆ, ಇವಳಿಗೇನು ಲುಕ್ಸಾನು ಅಂದ್ಕೊಂಡೆ. ದೇವ್ರಾಣೆ ಹಂಗೇ ಅಂದ್ಕೊಂಡಿದ್ದೆ. ಸಿಲಬಸ್ ತಪ್ಪಿದ್ರೆ ಮನ್ಯಾಗ ಓದ್ಕೋತಾಳೆ ಅಂತ. ನಾನು ಕಸ್ಕೊಂಡಿದ್ದು ಸಿಲಬಸ್ ಅಲ್ಲ ಅಂತ ಈ ಗೆರಿಗಳನ್ನ ನೋಡೋ ತನಕ ಗೊತ್ತಾಗ್ಲಿಲ್ಲ.

ಬೈಯಿ. ಈ ಇಕ್ಕಳ ತಗೊಂಡು ಒಂದು ಹಾಕು. ನಿಮ್ಮವ್ವ ಬಂದ ಮ್ಯಾಲ ಅವರ ಮುಂದೂ ಹೇಳ್ತೀನಿ. ಪ್ರಿನ್ಸಿಪಾಲರ ಮುಂದೆ ಹೇಳು ಅಂದ್ರೂ ಹೇಳ್ತೀನಿ. ಆದ್ರೆ ಈ ನಂಬರ್ ಮತ್ತೆ ಬರಿ. ಮೊದಲು ಏನು ಬರೆದಿದ್ದೆಯೋ ಅದನ್ನೇ. ನೀನು ಬರೆದದ್ದು ಸರಿ ಇತ್ತು. ಅವತ್ತೂ ಸರಿ ಇತ್ತು, ಪರೀಕ್ಷೆಯಾಗೂ ಸರಿ ಇತ್ತು, ಈಗಲೂ ಸರಿ ಐತೆ. ನನ್ನ ಮಾತು ನಂಬು.

…

ಪೆನ್ನು ಯಾಕ ಕೆಳಗಿಟ್ಟೆ?

ಓ…

ಹೂಂ. ಅದೂ ಖರೇನೇ. ಮೂವತ್ತೊಂದು ಅಂದೋನೂ ನಾನೇ, ಎಂಬತ್ತೊಂದು ಅಂತಿರೋನೂ ನಾನೇ. ಅದನ್ನ ನಂಬಿ ಹಿಂಗಾದಿ, ಇದನ್ನ ಯಾವ ಧೈರ್ಯದ ಮ್ಯಾಲ ನಂಬ್ತಿ? ಮೂರನೇ ಪರೀಕ್ಷೆ ಬರೆಯೋರಿಗೆ ಹೇಳಿಕೊಡಾಕ ಮತ್ತೆ ಆಳು ಬೇಕಾಗೈತೇನೋ, ಅದಕ್ಕೆ ಹೊಸ ಕತಿ ಕಟ್ಕೊಂಡು ಬಂದಾನ ಅಂತ ನಿಂಗೆ ಅನ್ನಿಸಿದ್ರೂ ನಾನು ಏನೂ ಅನ್ನಂಗಿಲ್ಲ.

ನೀನು ಕೇಳ್ತಿಲ್ಲ. ಬಾಯಿ ಬಿಟ್ಟು ಕೇಳ್ತಿಲ್ಲ. ಆದ್ರೂ ಏನು ಕೇಳ್ತಿದೀಯ ಅಂತ ಗೊತ್ತು ನಂಗೆ. ಅವತ್ತು ಸ್ಟಾಫ್ ರೂಮಿನಾಗ ಕೇಳಿದ್ದನ್ನೇ ಕೇಳ್ತಿದೀ… ಪೇಪರ್ ತೋರಿಸ್ರಿ ಸರ್ ಅಂತ.

ಇಲ್ಲವ್ವ.

ಇಲ್ಲ. ಅವತ್ತು ನೀನು ಬಾಗಿಲು ದಾಟಿದ ಕೂಡ್ಲೇ ಡ್ರಾಯರಿನಿಂದ ತಗದು, ನಾನೇ ಹರಿದು ಹಾಕಿದೆ.